ಮೋತಿಯ ತಟ್ಟೆಗೆ ಏನು ಬಡಿಸಬೇಕು?

ಜೂನ್ 1 ಬಂತೆಂದರೆ ಗೋವಾದ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ಜುಲೈ 31ರವರೆಗೆ, 61 ದಿನ, ಅವು ಸಮುದ್ರಕ್ಕೆ ಇಳಿಯುವಂತಿಲ್ಲ. ಮಡಗಾಂವ್, ಮಾಪುಸಾ, ವಾಸ್ಕೋ ಮಾರುಕಟ್ಟೆಗಳಲ್ಲಿ ಬಂಗುಡೆಯ ಬೆಲೆ ಏರುತ್ತದೆ. ಮನೆಗಳಲ್ಲಿ ‘ಪುರುಮೆಂತ್’ ಡಬ್ಬಿಗಳ ಮುಚ್ಚಳ ತೆರೆಯುತ್ತದೆ. ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಕೂಡಿಟ್ಟ ಒಣಮೀನು, ಹುಣಸೆ, ಉಪ್ಪಿನಕಾಯಿಗಳ ಸರಕಿಗೆ ಗೋವಾದವರು ಇಟ್ಟ ಹೆಸರು ಅದು. ಮನೆಮಂದಿಯ ಊಟ ಬದಲಾದ ದಿನವೇ ನಾಯಿಯ ಊಟವೂ ಬದಲಾಗುತ್ತದೆ. ನಿನ್ನೆಯವರೆಗೆ ಅನ್ನದ ಜೊತೆ ಬಂಗುಡೆಯ ತಲೆ, ಬೇಯಿಸಿದ ತಾರ್ಲೆ (ಭೂತಾಯಿ ಮೀನು) ಸಿಗುತ್ತಿದ್ದ ನಾಯಿಗೆ ಇಂದು ಬರೀ ಅನ್ನ, ಮೇಲೊಂದು ಹುಟ್ಟು ಸಾರು, ತಿನ್ನಲಿಲ್ಲವೆಂದರೆ ನಾಲ್ಕು ಬಿಸ್ಕತ್ತು.

ವಾಸ್ಕೋದ ಬೈನಾ, ಝುವಾರಿನಗರದ ಕಡೆ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳು ಬಹಳ. ಇಂಥ ಮನೆಗಳ ನಾಯಿಗೆ ಎರಡು ಅಡುಗೆಮನೆಗಳ ರುಚಿ ಗೊತ್ತು: ಊರಿನ ಜೋಳದ ರೊಟ್ಟಿಯೂ ಬೇಕು, ಗೋವಾದ ಕುಚ್ಚಲಕ್ಕಿ ಗಂಜಿಯೂ ಬೇಕು. ರಜೆಗೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಂದ ಸೋದರ ಸೊಸೆ ಆ ತಟ್ಟೆ ನೋಡಿ, ‘ಇದೆಲ್ಲ ಬ್ಯಾಡ ಅತ್ತಿ, ಅಂಗಡಿಯ ಚೀಲ ತರಸ್ರಿ’ ಎನ್ನುತ್ತಾಳೆ. ಅತ್ತೆ ಚೀಲದ ಬೆಲೆ ಕೇಳಿ ಸುಮ್ಮನಾಗುತ್ತಾಳೆ. ಮಾತು ಅಲ್ಲಿಗೇ ನಿಂತುಹೋಗುತ್ತದೆ.

ನಿಲ್ಲಬೇಕಿಲ್ಲ. ಚೀಲ ಒಳ್ಳೆಯದು, ಮನೆಯೂಟ ಕೆಟ್ಟದ್ದು ಎನ್ನುವುದೂ ತಪ್ಪು. ಮನೆಯೂಟವೇ ಅಮೃತ, ಚೀಲವೆಲ್ಲ ವಿಷ ಎನ್ನುವುದೂ ತಪ್ಪು. ನಾಯಿಯ ದೇಹ ತಟ್ಟೆಯ ಬೆಲೆಯನ್ನು ನೋಡುವುದಿಲ್ಲ. ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನ್, ಎಷ್ಟು ಕ್ಯಾಲ್ಸಿಯಂ ಬಂತು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಆ ಮೂರರ ಲೆಕ್ಕವನ್ನು ಅಡುಗೆಮನೆಯಲ್ಲೇ ಕೂತು ಮಾಡಬಹುದು.

ಮೊದಲು ಅನ್ನದ ಮೇಲಿರುವ ಆರೋಪವನ್ನು ನೋಡೋಣ. ‘ನಾಯಿ ಎಂದರೆ ತೋಳ, ತೋಳಕ್ಕೆ ಮಾಂಸವೇ ಬೇಕು, ಅನ್ನ ಜೀರ್ಣವಾಗದು’ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಸ್ವೀಡನ್‌ನ ಉಪ್ಸಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿನ ಬುಡವನ್ನೇ ಅಲುಗಿಸಿತು. ಅವರು ತೋಳ ಮತ್ತು ನಾಯಿಗಳ ಡಿಎನ್‌ಎಯನ್ನು ಹೋಲಿಸಿ, ಸಾಕುಪ್ರಾಣಿಯಾಗುವ ಹಾದಿಯಲ್ಲಿ ನಾಯಿಯಲ್ಲಿ ಏನೇನು ಬದಲಾಯಿತು ಎಂದು ಹುಡುಕಿದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವ ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುತ್ತದೆ. ಅದರ ಜೀನ್ ಎಎಂವೈ2ಬಿ. ತೋಳದಲ್ಲಿ ಈ ಜೀನಿನ ಪ್ರತಿಗಳು ಎರಡೇ. ನಾಯಿಗಳಲ್ಲಿ 4ರಿಂದ 30ರವರೆಗೆ! ನಾಯಿಯ ಮೇದೋಜೀರಕದಲ್ಲಿ ಆ ಜೀನಿನ ಚಟುವಟಿಕೆ ತೋಳದ್ದಕ್ಕಿಂತ 28 ಪಟ್ಟು ಹೆಚ್ಚಿತ್ತು. ಪಿಷ್ಟದಿಂದ ಬಂದ ಸಕ್ಕರೆಯನ್ನು ಕರುಳು ಹೀರಿಕೊಳ್ಳಲು ಬೇಕಾದ ಜೀನ್‌ಗಳಲ್ಲೂ ಬದಲಾವಣೆಯ ಗುರುತುಗಳಿದ್ದವು.

ಎಲ್ಲ ನಾಯಿಗಳಲ್ಲೂ ಈ ಪ್ರತಿಗಳ ಸಂಖ್ಯೆ ಒಂದೇ ಅಲ್ಲ. ಹಿಂದೆ ಬೇಸಾಯವಿಲ್ಲದಿದ್ದ ಆಸ್ಟ್ರೇಲಿಯಾದ ಡಿಂಗೊದಲ್ಲಿ, ಹಿಮಪ್ರದೇಶದ ಹಸ್ಕಿಯಲ್ಲಿ ಕಡಿಮೆ. ಬೇಸಾಯ ಬೇರೂರಿದ ನಾಡುಗಳ ನಾಯಿಗಳಲ್ಲಿ ಹೆಚ್ಚು. ಮನುಷ್ಯ ಧಾನ್ಯ ಬೆಳೆದ, ಬೇಯಿಸಿದ, ಉಳಿದದ್ದನ್ನು ಅಂಗಳಕ್ಕೆ ಎಸೆದ. ಅದನ್ನು ಅರಗಿಸಿಕೊಂಡ ನಾಯಿ ಉಳಿಯಿತು. ಮುಧೋಳದ ಬೇಟೆನಾಯಿ ಜೋಳ, ಹಾಲಿನ ಊಟದ ಮೇಲೇ ಆ ಬಯಲುಸೀಮೆಯಲ್ಲಿ ಮೊಲದ ಹಿಂದೆ ಓಡಿದ್ದು. ಅಂದಮೇಲೆ ಚೆನ್ನಾಗಿ ಬೆಂದ ಅನ್ನ, ಗಂಜಿ, ರೊಟ್ಟಿ ನಾಯಿಗೆ ಪರಕೀಯ ಆಹಾರವಲ್ಲ. ‘ಚೆನ್ನಾಗಿ ಬೆಂದ’ ಎಂಬುದನ್ನು ಮರೆಯಬಾರದು. ಬೇಯದ ಪಿಷ್ಟವನ್ನು ಅಮೈಲೇಸ್ ಸರಿಯಾಗಿ ಒಡೆಯಲಾರದು.

ಆದರೆ ಅನ್ನವೊಂದೇ ಊಟವಾಗದು. ಲೆಕ್ಕಕ್ಕಾಗಿ ಒಂದು ನಾಯಿಯನ್ನು ಇಟ್ಟುಕೊಳ್ಳೋಣ, ಮೋತಿ ಎನ್ನೋಣ. ಊರ ತಳಿ, ಮೂರು ವರ್ಷ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ತೂಕ 15 ಕಿಲೋ. ಪಶುವೈದ್ಯರು ಬಳಸುವ ಸೂತ್ರ ಸರಳವಾಗಿದೆ: ತೂಕದ 0.75ನೆಯ ಘಾತವನ್ನು 70ರಿಂದ ಗುಣಿಸಿದರೆ ನಾಯಿ ಸುಮ್ಮನೆ ಮಲಗಿದ್ದರೂ ಬೇಕಾಗುವ ಕ್ಯಾಲೊರಿ ಸಿಗುತ್ತದೆ. ಮೋತಿಗೆ ಅದು ಸುಮಾರು 530. ಓಡಾಟವನ್ನೂ ಸೇರಿಸಿ 1.4ರಿಂದ 1.6ರವರೆಗಿನ ಸಂಖ್ಯೆಯಿಂದ ಗುಣಿಸಿದರೆ ದಿನಕ್ಕೆ 750ರಿಂದ 850 ಕ್ಯಾಲೊರಿ.

ಈಗ ತಟ್ಟೆ. 400 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 520 ಕ್ಯಾಲೊರಿ, 11 ಗ್ರಾಂ ಪ್ರೋಟೀನ್. ಮುಳ್ಳು ತೆಗೆದ 100 ಗ್ರಾಂ ಬೇಯಿಸಿದ ಬಂಗುಡೆಯಲ್ಲಿ ಹೆಚ್ಚುಕಡಿಮೆ 150 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಒಂದು ಬೆಂದ ಮೊಟ್ಟೆಯಲ್ಲಿ 75 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಮೂರೂ ಸೇರಿದರೆ 745 ಕ್ಯಾಲೊರಿ, 37 ಗ್ರಾಂ ಪ್ರೋಟೀನ್. ಅಂದರೆ 1000 ಕ್ಯಾಲೊರಿಗೆ 50 ಗ್ರಾಂ ಪ್ರೋಟೀನ್. ಅಮೆರಿಕದ ಪಶು ಆಹಾರ ನಿಯಂತ್ರಕರ ಸಂಘ ವಯಸ್ಕ ನಾಯಿಗೆ ಹೇಳುವ ಕನಿಷ್ಠ ಮಿತಿ 45. ಅತ್ತೆಯ ಅನ್ನ-ಮೀನು ಪ್ರೋಟೀನಿನ ಪರೀಕ್ಷೆಯಲ್ಲಿ ನಿರಾಯಾಸವಾಗಿ ಪಾಸಾಯಿತು.

ಮೀನು ದುಬಾರಿಯಾದ ಆ 61 ದಿನಗಳ ಮಾತೇನು? ಬಂಗುಡೆಯ ಜಾಗದಲ್ಲಿ ಇನ್ನೊಂದು ಮೊಟ್ಟೆ ಮತ್ತು 30 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ, ಬೇಯಿಸಿ, ಹಿಂಡಿ ಹಾಕಿದರೆ ಪ್ರೋಟೀನ್ ಮತ್ತೆ 38 ಗ್ರಾಂಗೆ ಬಂದು ನಿಲ್ಲುತ್ತದೆ. ಸೋಯಾದ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪ್ರೋಟೀನೇ. ಹೊಟ್ಟೆ ಉಬ್ಬರಿಸದಂತೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು, ಅಷ್ಟೆ. ಡಬ್ಬಿಯ ಒಣಮೀನು ಮಾತ್ರ ಬೇಡ. ಅದರಲ್ಲಿರುವ ಉಪ್ಪು ಮನುಷ್ಯರಿಗೇ ಹೆಚ್ಚು.

ಮೋತಿಯ ತಟ್ಟೆ ಫೇಲಾಗುವುದು ಬೇರೆ ವಿಷಯದಲ್ಲಿ. ಅಷ್ಟು ಅನ್ನ, ಮೀನು, ಮೊಟ್ಟೆಯಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 100 ಮಿಲಿಗ್ರಾಂ. ಬೇಕಾದದ್ದು 800ರಿಂದ 1000. ಮನೆಯಡುಗೆಯ ನಾಯಿಯೂಟದ ಅತಿ ದೊಡ್ಡ ಕೊರತೆ ಇದೇ, ಮತ್ತು ಇದು ಕಣ್ಣಿಗೆ ಕಾಣುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವುದನ್ನು ದೇಹ ಸಹಿಸದು. ಊಟದಿಂದ ಬಾರದಿದ್ದರೆ ಪ್ಯಾರಾಥೈರಾಯ್ಡ್ ಗ್ರಂಥಿ ಹಾರ್ಮೋನು ಸುರಿಸಿ ಮೂಳೆಯಿಂದ ಕಿತ್ತು ತರಿಸುತ್ತದೆ. ಮಾಂಸ, ಮೀನಿನಲ್ಲಿ ರಂಜಕ ಧಾರಾಳವಾಗಿರುವುದರಿಂದ ಸಮತೋಲ ಇನ್ನಷ್ಟು ಕೆಡುತ್ತದೆ. ತಿಂಗಳುಗಟ್ಟಲೆ ನಾಯಿ ಲವಲವಿಕೆಯಿಂದಲೇ ಇರುತ್ತದೆ, ರಕ್ತಪರೀಕ್ಷೆಯೂ ಸರಿಯಾಗಿಯೇ ಬರಬಹುದು. ಮೂಳೆ ಮಾತ್ರ ತೆಳುವಾಗುತ್ತಾ ಹೋಗುತ್ತದೆ. ಕೊನೆಯ ಹಂತದಲ್ಲಿ ದವಡೆಯ ಮೂಳೆ ಮೆತ್ತಗಾಗಿ ಹಲ್ಲು ಅಲುಗಾಡುವುದುಂಟು. ಬರೀ ಕೋಳಿಮಾಂಸ, ಅನ್ನದಲ್ಲಿ ಬೆಳೆದ ಮರಿಗಳ ಕಾಲು ಸೊಟ್ಟಗಾಗುವುದಕ್ಕೂ ಇದೇ ಕಾರಣ.

ಪರಿಹಾರ ಕಸದ ಬುಟ್ಟಿಗೆ ಹೋಗುವ ವಸ್ತುವಿನಲ್ಲಿದೆ. ಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಚಿಪ್ಪನ್ನು ತೊಳೆದು, ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬಿಸಿಲಿಗೋ ತವೆಯ ಮೇಲೋ ಗರಿಗರಿಯಾಗಿ ಒಣಗಿಸಿ, ಮಿಕ್ಸಿಯ ಚಿಕ್ಕ ಜಾರಿನಲ್ಲಿ ನುಣ್ಣಗೆ ಪುಡಿ ಮಾಡಬೇಕು. ಬೆರಳಿಗೆ ಹರಳು ಸಿಗಬಾರದು. ರಂಗೋಲಿ ಪುಡಿಗಿಂತ ನುಣುಪಾಗಿ, ಮೈದಾ ಹಿಟ್ಟಿನ ಹತ್ತಿರ ಬರಬೇಕು. ಅಂಥ ಪುಡಿ ಒಂದು ಟೀ ಚಮಚಕ್ಕೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಕೊಡುತ್ತದೆ. ಮೋತಿಗೆ ದಿನಕ್ಕೆ ಅರ್ಧ ಚಮಚ ಸಾಕು. ಖರ್ಚು ಸೊನ್ನೆ. ತಾರ್ಲೆಯಂಥ ಸಣ್ಣ ಮೀನನ್ನು ಕುಕ್ಕರಿನಲ್ಲಿ ಮುಳ್ಳು ಮೆತ್ತಗಾಗುವಷ್ಟು ಬೇಯಿಸಿದ ದಿನ ಪುಡಿಯನ್ನು ಕಡಿಮೆ ಮಾಡಬಹುದು.

ರಾಗಿ ಆಗುವುದಿಲ್ಲವೇ ಎಂದು ಕನ್ನಡದ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರಲ್ಲಿರುವ ಫೈಟೇಟ್ ಒಂದಷ್ಟು ಕ್ಯಾಲ್ಸಿಯಮ್ಮನ್ನು ಬಿಗಿಹಿಡಿಯುತ್ತದೆ, ರಂಜಕವೂ ಜೊತೆಗೇ ಬರುತ್ತದೆ. ರಾಗಿ ಗಂಜಿ ಕೊಡಲಿ, ಚಿಪ್ಪಿನ ಪುಡಿಯನ್ನು ಬಿಡದಿರಲಿ.

ಸತು, ತಾಮ್ರ, ಅಯೋಡಿನ್, ವಿಟಮಿನ್ ಇ ಇವೂ ಮನೆಯೂಟದಲ್ಲಿ ಕೊರೆಬೀಳುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು 2013ರಲ್ಲಿ ಪುಸ್ತಕ, ಅಂತರ್ಜಾಲಗಳಿಂದ ಆಯ್ದ 200 ನಾಯಿ ಅಡುಗೆಗಳನ್ನು ವಿಶ್ಲೇಷಿಸಿದಾಗ ಶೇ 95ರಷ್ಟರಲ್ಲಿ ಕನಿಷ್ಠ ಒಂದು ಪೋಷಕಾಂಶವಾದರೂ ಕಡಿಮೆಯಿತ್ತು. ಹಾಗಾಗಿ ಪಶುವೈದ್ಯರು ಬರೆದುಕೊಡುವ ವಿಟಮಿನ್-ಖನಿಜದ ಪುಡಿ ಬೇಕು. ಇಲ್ಲವೇ ದಿನದ ಅರ್ಧ ಕ್ಯಾಲೊರಿ ಮನೆಯ ತಟ್ಟೆಯಿಂದ, ಅರ್ಧ ‘ಸಂಪೂರ್ಣ ಆಹಾರ’ ಎಂದು ಬರೆದ ಚೀಲದಿಂದ ಬರಲಿ. ಬಡ, ಮಧ್ಯಮವರ್ಗದ ಮನೆಗಳಿಗೆ ಈ ಎರಡನೆಯ ದಾರಿಯೇ ಹೆಚ್ಚು ಒಗ್ಗುತ್ತದೆ. ಮರಿಗಳ ಮಾತು ಬೇರೆ: ಬೆಳೆಯುವ ಮರಿಗೆ, ಅದರಲ್ಲೂ ದೊಡ್ಡ ತಳಿಯ ಮರಿಗೆ, ಕ್ಯಾಲ್ಸಿಯಂ ಕಡಿಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ. ವರ್ಷ ತುಂಬುವವರೆಗೆ ಮರಿಗಳಿಗೆಂದೇ ತಯಾರಾದ ಆಹಾರ ಕೊಡುವುದು ಕ್ಷೇಮ.

ಇನ್ನು ಬಿಸ್ಕತ್ತು. ಗೋವಾದ ಯಾವ ಚಹಾ ಗಾಡಿಯ ಬಳಿ ನಿಂತರೂ ಗ್ಲೂಕೋಸ್ ಬಿಸ್ಕತ್ತಿಗೆ ಬಾಲ ಆಡಿಸುವ ನಾಯಿ ಕಾಣುತ್ತದೆ. ಒಂದು ಬಿಸ್ಕತ್ತಿನಲ್ಲಿ ಸುಮಾರು 25 ಕ್ಯಾಲೊರಿ. ಬೆಳಿಗ್ಗೆ ಮಾಮನ ಚಹಾ, ಮಧ್ಯಾಹ್ನ ಮಗನ ಚಹಾ, ಸಂಜೆ ಅತ್ತೆಯ ಚಹಾ: ದಿನಕ್ಕೆ ಹತ್ತು ಬಿಸ್ಕತ್ತು ತಿಂದ ಮೋತಿಗೆ 250 ಕ್ಯಾಲೊರಿ ಬಂತು, ದಿನದ ಪಾಲಿನಲ್ಲಿ ಮೂರನೆಯ ಒಂದು ಭಾಗ. ಎಂಟು ಕಿಲೋ ತೂಗುವ ಪೊಮೇರಿಯನ್ ಆಗಿದ್ದರೆ ಹತ್ತಿರಹತ್ತಿರ ಅರ್ಧ. ಮೈದಾ, ಸಕ್ಕರೆ, ಎಣ್ಣೆ ಬಿಟ್ಟರೆ ಅದರಲ್ಲಿ ಹೆಚ್ಚೇನಿಲ್ಲ. ಹೊಟ್ಟೆ ತುಂಬಿದ ನಾಯಿ ಊಟದ ತಟ್ಟೆ ಮೂಸಿ ಹೋಗುತ್ತದೆ. ‘ನಮ್ಮ ನಾಯಿ ಏನೂ ತಿನ್ನೂದಿಲ್ಲ’ ಎಂದು ಮನೆಯವರು ಚಿಂತೆಗೆ ಬೀಳುತ್ತಾರೆ.

ಕಡಿಮೆ ತಿನ್ನಿಸುವುದೂ ಒಂದು ಔಷಧ ಎಂಬುದಕ್ಕೆ ಅಪರೂಪದ ಪುರಾವೆಯಿದೆ. ಪ್ಯೂರಿನಾ ಕಂಪನಿಯ ವಿಜ್ಞಾನಿಗಳು 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿಗಳಾಗಿ ಮಾಡಿ, ಮರಿಯಿಂದ ಸಾಯುವವರೆಗೂ ಗಮನಿಸಿದರು. ಒಂದೇ ಆಹಾರ, ಜೋಡಿಯಲ್ಲಿ ಒಂದಕ್ಕೆ ಮಾತ್ರ ಇನ್ನೊಂದಕ್ಕಿಂತ ಶೇ 25 ಕಡಿಮೆ. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚು ತಿಂದವುಗಳ ಮಧ್ಯಾಂಕ ಆಯುಸ್ಸು (ಅರ್ಧದಷ್ಟು ನಾಯಿಗಳು ದಾಟಿದ ವಯಸ್ಸು) 11.2 ವರ್ಷ, ಕಡಿಮೆ ತಿಂದವುಗಳದ್ದು 13 ವರ್ಷ. ಕೀಲುನೋವೂ ತಡವಾಗಿ ಬಂತು. ಆಹಾರ ಮಾರುವ ಕಂಪನಿಯೇ ‘ಕಡಿಮೆ ಹಾಕಿ’ ಎಂಬ ಸಾಕ್ಷ್ಯ ಒದಗಿಸಿತು ಎಂಬ ಕಾರಣಕ್ಕೂ ಈ ಅಧ್ಯಯನಕ್ಕೆ ತೂಕ ಹೆಚ್ಚು. ಸುಮಾರು ಎರಡು ವರ್ಷದ ಹೆಚ್ಚುವರಿ ಒಡನಾಟವನ್ನು ಯಾವ ದುಬಾರಿ ಚೀಲವೂ ಮಾರಲಾರದು.

ನಾಯಿ ದಪ್ಪವೋ ಸರಿಯೋ ಎಂದು ನೋಡಲು ಕೈ ಸಾಕು. ಒಂದು ಕೈಯ ಬೆರಳನ್ನು ಇನ್ನೊಂದು ಕೈಯ ಹಿಂಬದಿಯ ಮೇಲೆ ಆಡಿಸಿದರೆ ತೆಳು ಚರ್ಮದ ಕೆಳಗೆ ಮೂಳೆ ಸಿಗುತ್ತದಲ್ಲ, ನಾಯಿಯ ಪಕ್ಕೆಲುಬು ಹಾಗೆ ಸಿಗಬೇಕು. ಮುಷ್ಟಿಯ ಗೆಣ್ಣುಗಳಂತೆ ಚುಚ್ಚಿದರೆ ಸೊರಗಿದೆ. ಒತ್ತಿ ಹುಡುಕಬೇಕಾದರೆ ಕೊಬ್ಬಿದೆ. ಮೇಲಿನಿಂದ ನೋಡಿದಾಗ ಪಕ್ಕೆಯ ಹಿಂದೆ ಸೊಂಟ ಒಳಸರಿದಿರಬೇಕು.

ಅಂಗಡಿಯ ಚೀಲದ ಕಥೆ ಲಂಡನ್‌ನಲ್ಲಿ ಶುರುವಾಯಿತು. ಅಮೆರಿಕದಿಂದ ಬಂದಿದ್ದ ಜೇಮ್ಸ್ ಸ್ಪ್ರಾಟ್ 1860ರ ಸುಮಾರಿಗೆ ಗೋಧಿ, ತರಕಾರಿ, ಮಾಂಸದ ಅಂಶ ಬೆರೆಸಿದ ನಾಯಿ ಬಿಸ್ಕತ್ತನ್ನು ಮಾರುಕಟ್ಟೆಗೆ ತಂದ. ಚೀಲದ ಮುಂಭಾಗದ ಚಿತ್ರ ಅಂದಿನಿಂದ ಇಂದಿನವರೆಗೂ ಕೊಳ್ಳುವವರಿಗಾಗಿಯೇ ಬರೆದದ್ದು. ನಾಯಿಗೆ ಸಂಬಂಧಿಸಿದ್ದು ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಪ್ರೋಟೀನ್, ಕೊಬ್ಬು, ನಾರು, ತೇವಾಂಶಗಳ ಶೇಕಡಾ ಕೊಟ್ಟಿರುತ್ತಾರೆ. ಒಣ ಚೀಲದಲ್ಲಿ ಪ್ರೋಟೀನ್ ಶೇ 20, ತೇವ ಶೇ 10 ಎಂದಿದ್ದರೆ ನೀರು ಕಳೆದ ಲೆಕ್ಕದಲ್ಲಿ ಅದು ಶೇ 22. ಗ್ರೇವಿಯ ಪೊಟ್ಟಣದಲ್ಲಿ ಪ್ರೋಟೀನ್ ಶೇ 8 ಎಂದು ಕಂಡು ಬೇಸರಪಡುವಂತಿಲ್ಲ. ತೇವ ಶೇ 80 ಇದ್ದರೆ ನೀರು ಕಳೆದ ಮೇಲೆ ಅದು ಶೇ 40! ಆದರೆ ಆ 80 ಪಾಲು ನೀರಿಗೂ ದುಡ್ಡು ಕೊಟ್ಟಿರುತ್ತೇವೆ.

ಆದ್ದರಿಂದ ಹೋಲಿಸಬೇಕಾದ್ದು ಕಿಲೋ ಬೆಲೆಯನ್ನಲ್ಲ, ಸಾವಿರ ಕ್ಯಾಲೊರಿಯ ಬೆಲೆಯನ್ನು. ಕಿಲೋಗೆ 250 ರೂಪಾಯಿಯ ಚೀಲದಲ್ಲಿ 3500 ಕ್ಯಾಲೊರಿ ಇದ್ದರೆ ಸಾವಿರ ಕ್ಯಾಲೊರಿಗೆ ಬಿದ್ದದ್ದು 71 ರೂಪಾಯಿ. 400 ರೂಪಾಯಿಯದ್ದರಲ್ಲಿ 4000 ಇದ್ದರೆ ನೂರು ರೂಪಾಯಿ. ಬೆಲೆಯಲ್ಲಿ ಕಂಡಷ್ಟು ಅಂತರ ತಟ್ಟೆಯಲ್ಲಿಲ್ಲ. 100 ಗ್ರಾಂ ಪೊಟ್ಟಣಕ್ಕೆ 45 ರೂಪಾಯಿ, ಒಳಗೆ 85 ಕ್ಯಾಲೊರಿ ಎಂದಾದರೆ ಸಾವಿರಕ್ಕೆ 530 ರೂಪಾಯಿ ಆಯಿತು. ಬೆಲೆಗಳು ಇಲ್ಲಿ ಉದಾಹರಣೆಗಷ್ಟೆ. ಲೆಕ್ಕದ ರೀತಿ ಮಾತ್ರ ಎಲ್ಲ ಅಂಗಡಿಯಲ್ಲೂ ನಡೆಯುತ್ತದೆ.

‘ಧಾನ್ಯರಹಿತ’ ಎಂಬ ಮುದ್ರೆಗೆ ಹೆಚ್ಚು ಹಣ ತೆರಬೇಕಾದ ಕಾರಣವಿಲ್ಲ. ಆಹಾರದಿಂದ ಚರ್ಮದ ಅಲರ್ಜಿ ಬಂದ 297 ನಾಯಿಗಳ ವರದಿಗಳನ್ನು 2016ರಲ್ಲಿ ಒಟ್ಟುಗೂಡಿಸಿದಾಗ ಮೊದಲ ಮೂರು ಸ್ಥಾನದಲ್ಲಿದ್ದದ್ದು ದನದ ಮಾಂಸ, ಹಾಲಿನ ಪದಾರ್ಥ ಮತ್ತು ಕೋಳಿ. ಗೋಧಿ ಅವುಗಳ ನಂತರ. ಕಾಳುಗಳೇ ಹೆಚ್ಚಿದ್ದ ಧಾನ್ಯರಹಿತ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟಿರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ತನಿಖೆ ಆರಂಭಿಸಿತ್ತು. ಅದೇ ಕಾರಣ ಎಂದು ಸಾಬೀತಾಗಲಿಲ್ಲ. ಆದರೂ ಅನ್ನ ಅರಗಿಸಿಕೊಳ್ಳುವ ನಾಯಿಗೆ ಅನ್ನ ತಪ್ಪಿಸಲು ದುಬಾರಿ ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ.

ಗೋವಾದ ಹವೆಗೆ ಸೇರಿದ ಒಂದು ಎಚ್ಚರವಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನೆಲ ಇದು. ತೆರೆದ ಮೂಟೆಯಿಂದ ಕಿಲೋ ಲೆಕ್ಕದಲ್ಲಿ ತೂಗಿಕೊಡುವ ಬಿಡಿ ಆಹಾರ ಅಗ್ಗ, ನಿಜ. ಆದರೆ ತೇವ ಹೀರಿದ ಮೆಕ್ಕೆಜೋಳದ ಆಹಾರದಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳಬಹುದು; ಅದು ನಾಯಿಯ ಯಕೃತ್ತನ್ನು ಹಾಳುಮಾಡುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಮಳೆಗಾಲದಲ್ಲಿ ಸಣ್ಣ ಚೀಲ ಕೊಂಡು, ಚೀಲಸಮೇತ ಗಾಳಿಯಾಡದ ಡಬ್ಬಿಯಲ್ಲಿಟ್ಟು, ತಿಂಗಳೊಳಗೆ ಮುಗಿಸುವುದು ಒಳ್ಳೆಯದು.

ಅಡುಗೆಮನೆಯ ಅಪಾಯಗಳ ಪಟ್ಟಿಯಲ್ಲಿ ಈರುಳ್ಳಿ ಮೊದಲು ಬರಬೇಕು. ಅದರ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಗುಣ ಬದಲಾಗದು. ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಸಾಕು ರಕ್ತ ಕೆಡಲು. ಬೆಳ್ಳುಳ್ಳಿ ಅದೇ ಕುಲದ್ದು. ಈರುಳ್ಳಿ ಅರೆದು ಹಾಕಿದ ಗೋವಾದ ಶಾಕುತಿ ಸಾರು ಮತ್ತು ಬೆಳ್ಳುಳ್ಳಿ, ಉಪ್ಪು, ಕೊಬ್ಬು ತುಂಬಿದ ಚೊರಿಸ್ ಸಾಸೇಜ್ ನಾಯಿಯ ತಟ್ಟೆಗೆ ಸಲ್ಲವು. ಕ್ರಿಸ್‌ಮಸ್ ಕೇಕಿನ ಒಣದ್ರಾಕ್ಷಿಯೂ ಸಲ್ಲದು. ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಏಕೆ ಕೈಕೊಡುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ಹುಣಸೆ ತಿಂದ ನಾಯಿಗಳಲ್ಲೂ ಅದೇ ಬಗೆಯ ಮೂತ್ರಪಿಂಡದ ಹಾನಿ ಕಂಡುಬಂದದ್ದು ಅವರ ಊಹೆಗೆ ಬಲ ಕೊಟ್ಟಿತು. ಹುಣಸೆಯಿಲ್ಲದೆ ಸಾರೇ ಇಲ್ಲ ಎನ್ನುವ ಕನ್ನಡದ ಮನೆಗಳು ಇದನ್ನು ಗಮನಿಸಲೇಬೇಕು. ಬೇಳೆ ಬೆಂದ ಮೇಲೆ, ಹುಣಸೆ, ಉಪ್ಪು, ಖಾರ ಬೀಳುವ ಮುನ್ನ, ಒಂದು ಸೌಟು ಬೇಳೆಯನ್ನು ಮೋತಿಗಾಗಿ ಎತ್ತಿಟ್ಟರೆ ಆಯಿತು. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಹಸಿ ಮೀನೂ ಬೇಡ. ಕೆಲವು ಜಾತಿಯ ಮೀನಿನಲ್ಲಿ ವಿಟಮಿನ್ ಬಿ1 ಅನ್ನು ನಾಶಮಾಡುವ ಕಿಣ್ವವಿದ್ದು, ಬೇಯಿಸಿದಾಗ ಅದು ಹೋಗುತ್ತದೆ.

ಇಷ್ಟನ್ನು ಒಂದೇ ಉಸಿರಿಗೆ ಹೇಳಿದರೆ ಯಾವ ಅತ್ತೆಯೂ ಕೇಳುವುದಿಲ್ಲ. ಬಡಿಸುವ ಕೈಯನ್ನು ಬೈದರೆ ಬಡಿಸುವುದು ಬದಲಾಗುವುದಿಲ್ಲ. ಅತ್ತೆ ಕೇಳುತ್ತಾಳೆ:

‘ಯಾಕವ್ವಾ, ನಮ್ಮ ಮೋತಿಗೆ ಏನ ಕಡಿಮಿ ಆಗೇತಿ?’

‘ಕಡಿಮಿ ಏನೂ ಆಗಿಲ್ಲ ಅತ್ತಿ. ನೀವು ಹಾಕೂ ಅನ್ನ-ಮೀನಾ ಛಲೋ ಐತಿ. ಬಿಸ್ಕೀಟ್ ಎರಡಕ್ಕ ಇಳಸ್ರಿ, ತತ್ತಿ ಸಿಪ್ಪಿ ಒಗೀಬ್ಯಾಡ್ರಿ. ಈ ತಿಂಗಳ ಇಷ್ಟ ಸಾಕು.’

ತಿಂಗಳಿಗೊಂದೇ ಬದಲಾವಣೆ. ಚಹಾದ ಹೊತ್ತಿಗೆ ಬಿಸ್ಕತ್ತಿನ ಬದಲು ಸೌತೆಕಾಯಿ, ಗಜ್ಜರಿ, ಬೆಂದ ಸಿಹಿಗೆಣಸಿನ ಒಂದು ತುಂಡು ಕೊಟ್ಟರೂ ಮಾಮನ ಕೈಯಿಂದ ಏನೋ ಸಿಕ್ಕಿತೆಂಬ ಖುಷಿ ನಾಯಿಗೆ ಉಳಿಯುತ್ತದೆ. ಗೋವಾದ ಪೇಟೆಗೆ ತರಕಾರಿ ಬಹುಪಾಲು ಬೆಳಗಾವಿಯಿಂದಲೇ ಬರುತ್ತದೆ. ಎಲ್ಲ ಕಾಲದಲ್ಲೂ ಒಂದಲ್ಲ ಒಂದು ಸಿಗುತ್ತದೆ. ಹೊಸ ಚೀಲ ತಂದರೆ ಹಳೆಯ ಊಟದ ಜೊತೆ ಕಾಲುಭಾಗ ಬೆರೆಸಿ, ಏಳರಿಂದ ಹತ್ತು ದಿನದಲ್ಲಿ ಪೂರ್ತಿಗೆ ಬರಬೇಕು. ಒಮ್ಮೆಲೇ ಬದಲಿಸಿದರೆ ಭೇದಿಯಾಗಿ ಹೊಸ ಆಹಾರದ ಮೇಲೇ ತಪ್ಪು ಬೀಳುತ್ತದೆ. ಅಳತೆಗೆ ಮನೆಯದೇ ಒಂದು ಸ್ಟೀಲ್ ಬಟ್ಟಲು ಗೊತ್ತುಮಾಡಿ, ಅದರಲ್ಲಿ ಎಷ್ಟು ಗ್ರಾಂ ಅನ್ನ ಹಿಡಿಯುತ್ತದೆಂದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ನೋಡಿಬಂದರೆ ಸಾಕು.

ಮನೆಮನೆಗೆ, ಬೀದಿಬೀದಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿಸಿದ ಗೋವಾ 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿತವಾಯಿತು. ದೇಶದಲ್ಲಿ ಅದೇ ಮೊದಲು. ಲಸಿಕೆಗೆಂದು ಮೋತಿಯನ್ನು ಪಶು ಆಸ್ಪತ್ರೆಗೆ ಕರೆದೊಯ್ದ ದಿನವೇ ಅದರ ತೂಕ ಬರೆಸಿಕೊಂಡು, ಜಂತುವಿನ ಮಾತ್ರೆ ಕೇಳಿ, ತಟ್ಟೆಯಲ್ಲಿ ಏನೇನು ಬೀಳುತ್ತಿದೆ ಎಂದು ವೈದ್ಯರಿಗೆ ಹೇಳುವುದು ಖರ್ಚಿಲ್ಲದ ಕೆಲಸ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಇರುವ ನಾಯಿಗೆ, ಗಬ್ಬದ ನಾಯಿಗೆ ಇಲ್ಲಿನ ಲೆಕ್ಕ ಹೊಂದುವುದಿಲ್ಲ. ಅವುಗಳ ಊಟವನ್ನು ವೈದ್ಯರೇ ಹೇಳಬೇಕು. ಉಳಿದವಕ್ಕೆ ತಿಂಗಳಿಗೊಮ್ಮೆ ತೂಕ ನೋಡಿ, ಪಕ್ಕೆಯ ಮೇಲೆ ಕೈಯಾಡಿಸಿ, ಕೊಬ್ಬು ಕಂಡರೆ ಅನ್ನ ಹತ್ತನೆಯ ಒಂದು ಪಾಲು ಇಳಿಸಬೇಕು, ಎಲುಬು ಚುಚ್ಚಿದರೆ ಅಷ್ಟೇ ಏರಿಸಬೇಕು. ಮೊಟ್ಟೆ, ಮೀನು, ಚಿಪ್ಪಿನ ಪುಡಿ ಎಂದಿನಷ್ಟೇ ಇರಲಿ.